ಬಾರಿಬೀಜದಷ್ಟು ಮದ್ದು

ಮುಂಡರಗಿಯೆಂದೊಡನೆ ಚರಿತ್ರೆಯನ್ನು ಬಲ್ಲವರಿಗೆ, 1858ರಲ್ಲಿ ಕಂಪನಿ ಸರಕಾರದ ಮೇಲೆ ತಿರುಗಿಬಿದ್ದು ಕೊಪ್ಪಳದ ಕೋಟೆಯಲ್ಲಿ ಮಡಿದ ಭೀಮರಾಯನ ನೆನಪಾಗುವುದು ಸಹಜವೇ ಆಗಿದೆ. ಅದೇ ಸೀಮೆಯ ಮನೆಮನೆಗಳಲ್ಲಿ, ಅದಕ್ಕೂ ಎಷ್ಟೋ ಮೊದಲಿನಿಂದ, ದಿನಬೆಳಗಾದರೆ ಏಳುತ್ತಿದ್ದ ಮತ್ತೊಂದು ಬಂಡಾಯವನ್ನು ಮಾತ್ರ ಯಾವ ದಫ್ತರವೂ ಬರೆದಿಟ್ಟುಕೊಳ್ಳಲಿಲ್ಲ. ಮದ್ದು ಕುಡಿಯಲೊಲ್ಲದ ಕೂಸಿನ ಬಂಡಾಯವದು.

ಕೂಸಿಗೆ ಎರೆದಾದ ಮೇಲೆ ಅಜ್ಜಿಯು ಕಾಲು ನೀಡಿ ಕುಳಿತು, ಅದನ್ನು ತನ್ನ ಮೊಳಕಾಲುಗಳ ಮೇಲೆ ಅಡ್ಡಹಾಕಿಕೊಂಡು, ತೇಯುವ ಕಲ್ಲಿನ ಮೇಲೆ ತಾಯ ಹಾಲನ್ನು ನಾಲ್ಕು ಹನಿ ಹಿಂಡಿಸಿ, ಬಜೆಯ ಬೇರು ಇಷ್ಟು ಸುತ್ತು, ಜಾಜಿಕಾಯಿ ಇಷ್ಟು ಸುತ್ತು, ಅಳಲೆಕಾಯಿ, ಮಾಚಿಕಾಯಿ, ಹಿಪ್ಪಲಿಗಳು ಇಷ್ಟಿಷ್ಟು ಎಂದು ಎಣಿಸಿ ತೇಯ್ದು, ಆ ಗಂಧದಂಥ ದ್ರವವನ್ನು ಒಳಲೆಗೆ ಬಳಿದುಕೊಂಡು, ಬಾಯಿ ಬಿಗಿಹಿಡಿದ ಕೂಸಿನ ಗಲ್ಲಗಳನ್ನು ಎರಡು ಬೆರಳಿನಿಂದ ಒತ್ತಿ, ಅದು ಅಳಲೆಂದು ಬಾಯ್ದೆರೆದ ಕ್ಷಣವನ್ನೇ ಸಾಧಿಸಿ ನಾಲಗೆಯ ಬುಡಕ್ಕೆ ಸುರಿದುಬಿಡುತ್ತಿದ್ದಳು. “ಒಂದ ಗುಟುಕು, ನಮ್ಮಪ್ಪಾ, ಮುಗೀತ ನೋಡು” ಎಂಬ ಸಮಾಧಾನ ಆ ಬಲಾತ್ಕಾರದ ಜತೆಜತೆಗೇ ನಡೆಯುತ್ತಿತ್ತು. ಪ್ರಮಾಣಕ್ಕೆ ತಕ್ಕಡಿಯಿರಲಿಲ್ಲ, ಸುತ್ತಿನ ಲೆಕ್ಕವೇ ತಕ್ಕಡಿ. ಬಜೆ ಒಂದು ಸುತ್ತು ಹೆಚ್ಚಾದರೆ ಕೂಸು ಕಾರಿಕೊಂಡೀತೆಂಬುದನ್ನು ಅಕ್ಷರವರಿಯದ ಆ ಮುದುಕಿ ಚೆನ್ನಾಗಿ ಬಲ್ಲಳು. ಹತ್ತಿರದ ಕಪ್ಪತ್ತಗುಡ್ಡವು ಗಿಡಮೂಲಿಕೆಗೆ ಹೆಸರಾದ ಗುಡ್ಡವೆಂಬುದು ನಿಜವಾದರೂ, ಜೌಗನ್ನು ಬಯಸುವ ಬಜೆಯೂ ಮಳೆಯ ಸೀಮೆಯ ಜಾಜಿಕಾಯಿಯೂ ಈ ಎರೆಯ ನೆಲದವಲ್ಲ; ಅವು ಸಂತೆಯ ಹಾದಿಯಾಗಿಯೇ ಬರಬೇಕಾಗಿತ್ತು. ಕೂಸಿನ ಒಂದು ಗುಟುಕಿನಲ್ಲಿ ಎಷ್ಟು ದೇಶಗಳು ಕೂಡಿದ್ದುವೆಂದು ನೆನೆದರೆ ವಿಸ್ಮಯವಾಗುತ್ತದೆ.

ಈ ಗೃಹಕೃತ್ಯದ ಹಿಂದೆ ಬಹು ಪ್ರಾಚೀನವಾದ ಒಂದು ವಿಚಾರಪರಂಪರೆಯಿದೆ. ಆಯುರ್ವೇದದ ಎಂಟು ಅಂಗಗಳಲ್ಲಿ ಕೌಮಾರಭೃತ್ಯವೂ ಒಂದು. ಮಕ್ಕಳ ಮದ್ದು ಮಧುರವೂ ಮೃದುವೂ ಕ್ಷೀರಯುಕ್ತವೂ ಆಗಿರಬೇಕೆಂದು ಚರಕಸಂಹಿತೆ ವಿಧಿಸುತ್ತದೆ. ಸುಶ್ರುತಸಂಹಿತೆಯ ಶಾರೀರಸ್ಥಾನವು ಇನ್ನೂ ಸೂಕ್ಷ್ಮವಾಗಿ, ಹಾಲನ್ನಷ್ಟೇ ಕುಡಿಯುವ ಶಿಶುವಿನ ಮದ್ದನ್ನು ಹಾಲೂಡಿಸುವವಳಿಗೆ ಕೊಡಬೇಕೆಂದೂ, ಹಾಲು ಅನ್ನಗಳೆರಡನ್ನೂ ಉಣ್ಣುವ ಮಗುವಿನದಾದರೆ ಇಬ್ಬರಿಗೂ, ಅನ್ನವುಣ್ಣುವ ಮಗುವಿನದಾದರೆ ಮಗುವಿಗೆ ಮಾತ್ರವೇ ಕೊಡಬೇಕೆಂದೂ ವಿಂಗಡಿಸಿದೆ. ಮದ್ದಿನ ಕಲ್ಕವನ್ನು ಮೊಲೆಗೆ ಲೇಪಿಸಿ ಊಡಿಸುವ ಉಪಾಯವನ್ನೂ ಹೇಳಿದೆ. ಎಳೆಗೂಸಿಗೆ ಬೆರಳಿನ ಎರಡು ಗಿಣ್ಣಿಗೆ ಹತ್ತುವಷ್ಟು, ಹಾಲು ಅನ್ನಗಳೆರಡನ್ನೂ ಉಣ್ಣುವ ಮಗುವಿಗೆ ಬಾರಿಬೀಜದಷ್ಟು, ಅನ್ನವುಣ್ಣುವ ಮಗುವಿಗೆ ಬಾರಿಹಣ್ಣಿನಷ್ಟು ಎಂಬುದು ಅದರ ಮಾನ. ಮುಂಡರಗಿಯ ಹೊಲದ ಬದುವಿನಲ್ಲಿ ಬಾರಿಹಣ್ಣು ಆಯ್ದು ತಿಂದವರಿಗೆ ಈ ಅಳತೆಯನ್ನು ಯಾರೂ ವಿವರಿಸಬೇಕಾಗಿಲ್ಲ. ನನಗಾದರೋ ಇಲ್ಲಿ ಹೆಚ್ಚು ಮೆಚ್ಚುಗೆಯಾದುದು ಅಳತೆಗಿಂತ ಆ ವಿಂಗಡಣೆ. ಮಗು ಬೆಳೆದಂತೆಲ್ಲ ತಾಯಿ ನಡುವಿನಿಂದ ಸರಿಯುತ್ತ ಬಂದು, ಕೊನೆಗೊಂದು ದಿನ ಮದ್ದಿಗೂ ಮಗುವಿಗೂ ನೇರ ವ್ಯವಹಾರವೇರ್ಪಡುತ್ತದೆ.

ಕೂಸು ಒಲ್ಲೆನೆನ್ನದ ಮದ್ದೂ ಒಂದಿತ್ತು. ಅದರ ಮಾತು ಕಹಿಯಾದರೂ ಆಡದೆ ತೀರದು. ಮುಂಡರಗಿಯಿದ್ದ ಧಾರವಾಡ ಜಿಲ್ಲೆ ಮುಂಬಯಿ ಇಲಾಖೆಗೆ ಸೇರಿದ್ದ ಆ ದಿನಗಳಲ್ಲಿ, ಮುಂಬಯಿಯ ಗಿರಣಿಗಳಿಗೆ ದುಡಿಯಲು ಹೋಗುವ ತಾಯಂದಿರು ಕೂಸುಗಳನ್ನು ಮಲಗಿಸಿಡಲು ‘ಬಾಲಗೋಳಿ’ಯೆಂಬ ಅಫೀಮಿನ ಗುಳಿಗೆಯನ್ನು ಕೊಡುತ್ತಿದ್ದರು. 1893ರಿಂದ 1895ರವರೆಗೆ ವಿಚಾರಣೆ ನಡೆಸಿದ ಅಫೀಮು ಆಯೋಗದ ಮುಂದೆಯೂ ಶಿಶುಗಳಿಗೆ ಅಫೀಮು ಕೊಡುವ ರೂಢಿಯ ಪ್ರಸ್ತಾಪ ಬಂದಿತ್ತು. ಬಜೆಯನ್ನು ಉಗುಳಿದ ಕೂಸು ಇದನ್ನು ಉಗುಳದೆ ತೆಪ್ಪಗೆ ಮಲಗುತ್ತಿತ್ತು. ಆ ಮದ್ದು ಕೂಸಿನ ರೋಗಕ್ಕಾಗಿ ಹುಟ್ಟಿದುದಲ್ಲ, ದೊಡ್ಡವರ ಹೊಟ್ಟೆಪಾಡಿಗಾಗಿ ಹುಟ್ಟಿದುದು. ಮಗು ಸುಮ್ಮನಾದುದನ್ನೇ ಮದ್ದು ತಾಗಿದ ಗುರುತೆಂದು ಎಣಿಸುವ ಅಭ್ಯಾಸ ಅಂದಿನದೇ.

ಇನ್ನು ಒಂದೆಡೆ ಕುಳ್ಳಿರಲಾರದ, ಹೇಳಿದುದನ್ನು ಪೂರ್ತಿ ಕೇಳಿಸಿಕೊಳ್ಳದ ಹುಡುಗನಿಗೆ ನಮ್ಮವರು ಮಾಡಿದ ಚಿಕಿತ್ಸೆಯೇನು? ಕ್ರಿ.ಶ. 1200ರ ಸುಮಾರಿನಲ್ಲಿ ದೇವೇಂದ್ರಮುನಿಯು ಕನ್ನಡದಲ್ಲಿ ‘ಬಾಲಗ್ರಹಚಿಕಿತ್ಸೆ’ಯನ್ನು ರಚಿಸಿದ್ದುಂಟು, ಶಿಶುವಿನ ಪೀಡೆಗೆ ಗ್ರಹವೇ ಕಾರಣವೆಂಬ ಆ ನಂಬಿಕೆ ತಾಯಿತ, ಅಂಗಾರ, ದೃಷ್ಟಿ ತೆಗೆಯುವಿಕೆಗಳ ರೂಪದಲ್ಲಿ ಇಂದಿಗೂ ಉಳಿದಿದೆ. ತಾಯಿತವನ್ನು ನುಂಗಬೇಕಾಗಿಲ್ಲವಾದುದರಿಂದ ಅದನ್ನು ಯಾವ ಹುಡುಗನೂ ಒಲ್ಲೆನ್ನಲಿಲ್ಲ. ದೊಡ್ಡವನಾದ ಮೇಲೆ ಅವನಿಗೆ ‘ಉಡಾಳ’ನೆಂಬ ಹೆಸರು, ಗಾವಠಿ ಶಾಲೆಯಲ್ಲಿ ಕೋದಂಡ: ತೊಲೆಯ ಹಗ್ಗಕ್ಕೆ ಜೋತುಬಿದ್ದವನು ಕೈಬಿಟ್ಟರೆ ಕೆಳಗೆ ಬೀಳಬೇಕು. ರೋಗವೆಂಬ ಮಾತೇ ಹುಟ್ಟದಿದ್ದುದರಿಂದ ಮದ್ದಿನ ಪ್ರಶ್ನೆಯೂ ಹುಟ್ಟಲಿಲ್ಲ.

ಆ ಮಾತು ಹುಟ್ಟಿದ್ದು ಬೇರೆಡೆ. 1902ರಲ್ಲಿ ಜಾರ್ಜ್ ಸ್ಟಿಲ್ ಎಂಬ ವೈದ್ಯರು ಲಂಡನ್ನಿನಲ್ಲಿ ಇಂಥ ಮಕ್ಕಳನ್ನು ಕುರಿತು ಉಪನ್ಯಾಸಗಳನ್ನಿತ್ತರು. 1937ರಲ್ಲಿ ಅಮೆರಿಕದ ರೋಡ್ ಐಲಂಡಿನ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯರು ತಮ್ಮಲ್ಲಿದ್ದ ಮಕ್ಕಳ ತಲೆಶೂಲೆಗೆಂದು ಬೆಂಜೆಡ್ರಿನ್ ಎಂಬ ಮದ್ದನ್ನು ಕೊಟ್ಟುನೋಡಿದಾಗ, ತಲೆಶೂಲೆ ಹೋಗಲಿಲ್ಲವಾದರೂ ಪಾಠದಲ್ಲಿ ಮಕ್ಕಳ ಮನಸ್ಸು ನಿಂತಿತು. 30 ಮಕ್ಕಳಲ್ಲಿ 14 ಮಂದಿಯ ಓದು ಬೆರಗಾಗುವಂತೆ ಸುಧಾರಿಸಿತು. ಮಕ್ಕಳೇ ಅದನ್ನು ಲೆಕ್ಕದ ಗುಳಿಗೆಯೆಂದು ಕರೆದರಂತೆ. 1944ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಸಂಸ್ಥೆಯ ಪಾನಿಜಾನ್ ಎಂಬವರು, ಮುಂದೆ ಇಂಥ ಮಕ್ಕಳಿಗೇ ಮದ್ದಾದ ಮಿಥೈಲ್‌ಫೆನಿಡೇಟನ್ನು ಸಿದ್ಧಪಡಿಸಿದರು. ಅವರ ಹೆಂಡತಿ ರೀಟಾಳ ಹೆಸರಿನಿಂದ ಅದು ರಿಟಾಲಿನ್ ಆಯಿತು. ನಮ್ಮಲ್ಲಿ ಅದು 1985ರ ಮಾದಕದ್ರವ್ಯ ಕಾಯಿದೆಯ ಪಟ್ಟಿಯಲ್ಲಿರುವುದರಿಂದ ಚೀಟಿಯಿಲ್ಲದೆ ದೊರೆಯತಕ್ಕದ್ದಲ್ಲ. ಮುಂಡರಗಿಯವರು ತಜ್ಞರನ್ನು ಕಾಣಬೇಕಾದರೆ ಗದಗು ದಾಟಿ ಹುಬ್ಬಳ್ಳಿಗೋ, ಹತ್ತೊಂಬತ್ತನೆಯ ಶತಮಾನದಲ್ಲಿ ಹುಚ್ಚಾಸ್ಪತ್ರೆಯಾಗಿ ಆರಂಭಗೊಂಡ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಗೋ ಹೋಗುವುದೇ ಹೆಚ್ಚು. ಆ ಆಸ್ಪತ್ರೆಯ ಹಳೆಯ ಹೆಸರಿನ ಅಂಜಿಕೆ ಇನ್ನೂ ಅಳಿದಿಲ್ಲವಾಗಿ, ಗುಳಿಗೆಯನ್ನು ತಂದವರೂ ಅದನ್ನು ನೆರೆಯವರಿಂದ ಮುಚ್ಚಿಡುತ್ತಾರೆ; ಮುಚ್ಚಿಟ್ಟುದನ್ನು ಮಗುವೂ ನೋಡುತ್ತದೆ.

ಎಂಟು ಹತ್ತು ವರ್ಷದ ಹುಡುಗ ಈ ಗುಳಿಗೆಯನ್ನು ಒಲ್ಲೆನ್ನುವುದಕ್ಕೆ ಕಹಿಯೊಂದೇ ಕಾರಣವಲ್ಲ. ಹಸಿವು ಇಂಗುತ್ತದೆ, ಬುತ್ತಿಯ ರೊಟ್ಟಿ ಹಾಗೆಯೇ ಮನೆಗೆ ತಿರುಗಿ ಬರುತ್ತದೆ, ರಾತ್ರಿ ನಿದ್ದೆ ತಡವಾಗುತ್ತದೆ, ತಾನು ತಾನಲ್ಲವೆಂಬಂತೆ ಮಂಕಾಗುವುದೆಂದು ಕೆಲವರು ಹೇಳುತ್ತಾರೆ. ಇವನ್ನು ಹುಡುಗನೇ ಹೇಳಬಲ್ಲನು, ಕೇಳಿದರೆ. ಕೇಳಿದ ವೈದ್ಯರು ಪ್ರಮಾಣವನ್ನು ಇಳಿಸುತ್ತಾರೆ, ಉಂಡ ಮೇಲೆ ಕೊಡಿರೆನ್ನುತ್ತಾರೆ, ಮದ್ದನ್ನೇ ಬದಲಿಸುವುದೂ ಉಂಟು. ಕೇಳದ ಮನೆಗಳಲ್ಲಿ ಒಳಲೆಯ ಕಾಲದ ವಿದ್ಯೆಯೇ ಮರಳಿ ಬರುತ್ತದೆ. ಅಜ್ಜಿಯು ಗುಳಿಗೆಯನ್ನು ಕುಟ್ಟಿ ಬೆಲ್ಲದುಂಡೆಯಲ್ಲಿ ಅಡಗಿಸುತ್ತಾಳೆ. ದಿನವಿಡೀ ಮೆಲ್ಲಮೆಲ್ಲನೆ ಕರಗಲೆಂದು ಮಾಡಿದ ಗುಳಿಗೆಯಾಗಿದ್ದರೆ, ಕುಟ್ಟಿದೊಡನೆ ದಿನದ ಮದ್ದೆಲ್ಲ ಒಂದೇ ಗಳಿಗೆಗೆ ಒಡಲಿಗಿಳಿಯುವ ಅಪಾಯವುಂಟೆಂಬುದು ಆಕೆಗೆ ತಿಳಿಯದು. ಹುಡುಗನು ಉಂಡೆಯನ್ನು ಅರ್ಧ ಕಚ್ಚಿ, ನಾಲಗೆಯ ಮೇಲೆ ಹೊರಳಿಸಿ, ಬಾಗಿಲಾಚೆ ಉಗುಳಿ ಬಂದು ನಿಲ್ಲುತ್ತಾನೆ.

“ಅಜ್ಜೀ, ಇದರಾಗ ಏನ್ ಹಾಕೀದಿ?”