ತಿರುವಿನ ಚೆಂಡು, ತಡವಾಗಿ ಬರುವ ಚೆಂಡು: ಬೇಸ್‌ಬಾಲ್ ಬ್ಯಾಟಿಂಗ್‌ನ ಕಠಿಣ ಪಾಠ

ಎಸೆತಗಳ ಬಗೆ

ಬೇಸ್‌ಬಾಲ್‌ನಲ್ಲಿ ಪಿಚರ್‌ನ ಎಸೆತಗಳನ್ನು ಸ್ಥೂಲವಾಗಿ ಮೂರು ಗುಂಪುಗಳಾಗಿ ವಿಂಗಡಿಸುತ್ತಾರೆ. ವೇಗವನ್ನೇ ನೆಚ್ಚಿದ್ದು ಫಾಸ್ಟ್‌ಬಾಲ್. ಗಾಳಿಯಲ್ಲಿಯೇ ಪಥ ಬದಲಿಸುವ ಕರ್ವ್‌ಬಾಲ್, ಸ್ಲೈಡರ್ ಮುಂತಾದವು ತಿರುವಿನ ಎಸೆತಗಳು. ಇವನ್ನು ಬ್ರೇಕಿಂಗ್ ಬಾಲ್ ಎನ್ನುತ್ತಾರೆ. ಫಾಸ್ಟ್‌ಬಾಲ್‌ಗೆ ಬೀಸಿದಂತೆಯೇ ತೋಳು ಬೀಸಿದರೂ ನಿಧಾನವಾಗಿ ಬರುವ ಚೇಂಜಪ್‌ನಂಥವು ಆಫ್‌ಸ್ಪೀಡ್ ಎಸೆತಗಳು. ಕ್ರಿಕೆಟ್ ಬಲ್ಲವರು ಒಂದು ವ್ಯತ್ಯಾಸವನ್ನು ಗಮನಿಸಬೇಕು: ಇಲ್ಲಿ ಚೆಂಡು ನೆಲಕ್ಕೆ ಬಿದ್ದು ತಿರುಗುವುದಿಲ್ಲ. ಹಿಂದಕ್ಕೆ ಸರಿದು, ಪುಟಿದ ಚೆಂಡನ್ನು ನೋಡಿ ಆಡುವ ಅನುಕೂಲ ಬೇಸ್‌ಬಾಲ್ ಬ್ಯಾಟರ್‌ಗೆ ಇಲ್ಲ.

ತಿರುವಿನ ಕಾರಣ

ಚೆಂಡಿನ ಮೇಲಿರುವ 108 ಜೋಡಿ ಹೊಲಿಗೆಗಳು ಪಿಚರ್‌ನ ಬೆರಳಿಗೆ ಹಿಡಿತ ಕೊಡುತ್ತವೆ. ಸುತ್ತುತ್ತ ಸಾಗುವ ಚೆಂಡು ತನ್ನ ಸುತ್ತಲಿನ ಗಾಳಿಯ ಹರಿವನ್ನು ಒಂದು ಕಡೆಗೆ ಬಾಗಿಸುತ್ತದೆ. ಪ್ರತಿಯಾಗಿ ಚೆಂಡು ಇನ್ನೊಂದು ಕಡೆಗೆ ತಳ್ಳಲ್ಪಡುತ್ತದೆ. ಇದೇ ಮ್ಯಾಗ್ನಸ್ ಪರಿಣಾಮ. ಫಾಸ್ಟ್‌ಬಾಲ್ ಹಿಮ್ಮುಖವಾಗಿ ಸುತ್ತುವುದರಿಂದ ಅದರ ಇಳಿತ ಕಡಿಮೆಯಾಗುತ್ತದೆ. ಕರ್ವ್‌ಬಾಲ್ ಮುಮ್ಮುಖವಾಗಿ ಸುತ್ತುತ್ತದೆ. ಗುರುತ್ವದ ಜೊತೆಗೆ ಗಾಳಿಯೂ ಅದನ್ನು ಕೆಳಕ್ಕೆ ಒತ್ತುತ್ತದೆ. 1860ರ ದಶಕದಲ್ಲಿ ಈ ಎಸೆತವನ್ನು ರೂಢಿಗೆ ತಂದ ಕೀರ್ತಿಯನ್ನು ಸಾಮಾನ್ಯವಾಗಿ ಕ್ಯಾಂಡಿ ಕಮಿಂಗ್ಸ್ ಅವರಿಗೆ ಸಲ್ಲಿಸುತ್ತಾರೆ. ಚೆಂಡು ನಿಜವಾಗಿ ಬಾಗುವುದೇ ಇಲ್ಲ, ಅದು ದೃಷ್ಟಿಭ್ರಮೆ ಎಂದು ವಾದಿಸುವವರು ಆನಂತರವೂ ಬಹುಕಾಲ ಇದ್ದರು. ಅವರು ಬ್ಯಾಟು ಹಿಡಿದು ನಿಂತು ನೋಡಿದ್ದರೋ ಇಲ್ಲವೋ!

ಬ್ಯಾಟರ್‌ಗೆ ಸಿಗುವ ಕಾಲ

ಪಿಚರ್ ನಿಲ್ಲುವ ಪಟ್ಟಿಗೂ ಹೋಮ್ ಪ್ಲೇಟಿಗೂ ನಡುವೆ 18.44 ಮೀಟರ್ ಅಂತರವಿದೆ. 1893ರಿಂದ ಇದು ಬದಲಾಗಿಲ್ಲ. ಗಂಟೆಗೆ 150 ಕಿ.ಮೀ. ವೇಗದ ಚೆಂಡು ಪ್ಲೇಟನ್ನು ತಲುಪಲು ಸುಮಾರು 0.4 ಸೆಕೆಂಡು ಸಾಕು. ಬ್ಯಾಟು ಬೀಸುವುದಕ್ಕೇ ಸುಮಾರು 0.15 ಸೆಕೆಂಡು ಬೇಕು. ನೋಡುವುದು, ಗುರುತಿಸುವುದು, ನಿರ್ಧರಿಸುವುದು ಎಲ್ಲವೂ ಉಳಿದ ಕಾಲು ಸೆಕೆಂಡಿನಲ್ಲಿ ಮುಗಿಯಬೇಕು. ಚೇಂಜಪ್‌ನ ವೇಗ ಗಂಟೆಗೆ 15 ಕಿ.ಮೀ.ನಷ್ಟು ಕಡಿಮೆ ಇದ್ದರೂ ಲೆಕ್ಕ ತಪ್ಪುತ್ತದೆ: ಬ್ಯಾಟು ಪ್ಲೇಟಿನ ಮೇಲೆ ಹಾದುಹೋಗುವಾಗ ಚೆಂಡು ಇನ್ನೂ ಒಂದೂವರೆ ಮೀಟರ್ ದೂರದಲ್ಲಿರುತ್ತದೆ.

ಗುರುತಿಸುವುದು, ಕಾಯುವುದು, ಬಿಡುವುದು

ಕಲಿಕೆ ಪಿಚರ್‌ನ ಕೈಯಿಂದ ಆರಂಭವಾಗುತ್ತದೆ. ಕರ್ವ್‌ಬಾಲ್ ಕೈಬಿಟ್ಟೊಡನೆ ಫಾಸ್ಟ್‌ಬಾಲ್‌ನ ರೇಖೆಗಿಂತ ತುಸು ಮೇಲಕ್ಕೇಳುತ್ತದೆ. ಆ ಸಣ್ಣ ಉಬ್ಬೇ ಮೊದಲ ಸುಳಿವು. ಸ್ಲೈಡರ್ ಸುತ್ತುವಾಗ ಅದರ ಕೆಂಪು ಹೊಲಿಗೆಗಳು ಕೆಲವೊಮ್ಮೆ ಒಂದು ಚುಕ್ಕಿಯಂತೆ ಕಾಣುತ್ತವೆ. ಚೇಂಜಪ್ ಇಂಥ ಗುರುತನ್ನು ಅಷ್ಟಾಗಿ ಬಿಟ್ಟುಕೊಡುವುದಿಲ್ಲ. ಈ ಅರ್ಥದಲ್ಲಿ ತಿರುವನ್ನು ನೆಚ್ಚದ ನಿಧಾನದ ಚೆಂಡು ಹೆಚ್ಚು ಕಪಟಿ.

ಬಹುಪಾಲು ಬ್ಯಾಟರ್‌ಗಳು ಫಾಸ್ಟ್‌ಬಾಲ್‌ಗೆ ಸಿದ್ಧರಾಗಿ ನಿಂತು ನಿಧಾನದ ಎಸೆತಕ್ಕೆ ಹೊಂದಿಕೊಳ್ಳುತ್ತಾರೆ. ತಿರುಗುಮುರುಗು ಮಾಡಿದರೆ ಬ್ಯಾಟು ತಡವಾಗುತ್ತದೆ. ಮುಂಗಾಲು ನೆಲಕ್ಕೂರಿದ ಮೇಲೂ ಕೈಗಳನ್ನು ಹಿಂದೆಯೇ ಉಳಿಸಿಕೊಳ್ಳುವುದು ಈ ಹೊಂದಾಣಿಕೆಯ ಗುಟ್ಟು. ದೇಹದ ಭಾರ ಪೂರ್ತಿ ಮುಂದಕ್ಕೆ ಬಿದ್ದರೆ ಬೀಸಲು ತೋಳಷ್ಟೇ ಉಳಿಯುತ್ತದೆ, ಬಲವಿರುವುದಿಲ್ಲ.

ಒಳ್ಳೆಯ ಸ್ಲೈಡರನ್ನು ಹೊಡೆಯುವುದಕ್ಕಿಂತ ಬಿಡುವುದೇ ಹೆಚ್ಚಿನ ಜಾಣತನ. ಸ್ಟ್ರೈಕ್ ವಲಯದೊಳಗೆ (ಬಿಟ್ಟರೂ ಬ್ಯಾಟರ್‌ನ ವಿರುದ್ಧ ಸ್ಟ್ರೈಕ್ ಎಂದು ಎಣಿಕೆಯಾಗುವ ಜಾಗ) ಬರುವಂತೆ ತೋರಿ ಕೊನೆಗೆ ಹೊರಗೆ ಜಾರುವುದೇ ಅದರ ಉದ್ದೇಶ. 1941ರಲ್ಲಿ .406 ಸರಾಸರಿ ಗಳಿಸಿದ ಟೆಡ್ ವಿಲಿಯಮ್ಸ್ ತಮ್ಮ ‘ದಿ ಸೈನ್ಸ್ ಆಫ್ ಹಿಟಿಂಗ್’ ಕೃತಿಯಲ್ಲಿ ಸ್ಟ್ರೈಕ್ ವಲಯವನ್ನು 77 ಚೆಂಡುಗಳ ಚೌಕಟ್ಟಾಗಿ ಚಿತ್ರಿಸಿ, ಹೊರಬದಿಯ ಕೆಳಮೂಲೆಯಲ್ಲಿ ತಮಗೆ .230ಕ್ಕಿಂತ ಹೆಚ್ಚು ಸಾಧ್ಯವಿಲ್ಲವೆಂದು ಅಂದಾಜಿಸಿದ್ದರು. ತಿರುವಿನ ಎಸೆತಗಳು ಹೆಚ್ಚಾಗಿ ಹುಡುಕುವುದು ಅದೇ ಮೂಲೆಯನ್ನು. ಎರಡು ಸ್ಟ್ರೈಕ್ ಆದ ಮೇಲೆ ಮಾತ್ರ (ಮೂರನೆಯದಕ್ಕೆ ಔಟ್) ಈ ಆಯ್ಕೆಯ ಸ್ವಾತಂತ್ರ್ಯ ಉಳಿಯುವುದಿಲ್ಲ.

ಅಭ್ಯಾಸದ ಕ್ರಮ

ಒಂದೇ ಬಗೆಯ ಎಸೆತವನ್ನು ಸಾಲಾಗಿ ಆಡಿದರೆ ಅಭ್ಯಾಸದ ದಿನ ಹೊಡೆತ ಸೊಗಸಾಗಿ ಕಾಣುತ್ತದೆ. ಆದರೆ ಅದು ನಿಜವಾದ ಕಲಿಕೆಯೇ ಎಂಬುದನ್ನು 1994ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಾಲೇಜು ಆಟಗಾರರಲ್ಲಿ ಪರೀಕ್ಷಿಸಿತು. ಒಂದು ಗುಂಪಿಗೆ ಫಾಸ್ಟ್‌ಬಾಲ್, ಕರ್ವ್‌ಬಾಲ್, ಚೇಂಜಪ್‌ಗಳನ್ನು ತಲಾ 15ರಂತೆ ಬೇರೆಬೇರೆಯಾಗಿ ಎಸೆದರು; ಇನ್ನೊಂದಕ್ಕೆ ಅದೇ 45 ಎಸೆತಗಳನ್ನು ಕಲಸಿ ಎಸೆದರು. ಆರು ವಾರಗಳ ಕೊನೆಗೆ ಮೊದಲ ಗುಂಪು ಸುಮಾರು ಶೇ. 25ರಷ್ಟು, ಎರಡನೆಯದು ಶೇ. 57ರಷ್ಟು ಸುಧಾರಿಸಿತ್ತು.

ಬ್ಯಾಟು ಬೀಸದೆಯೂ ಕಲಿಯುವ ದಾರಿಯುಂಟು. ತಂಡದ ಪಿಚರ್ ಅಭ್ಯಾಸ ಮಾಡುವಾಗ ಬ್ಯಾಟರ್ ಪ್ಲೇಟಿನ ಪಕ್ಕದಲ್ಲಿ ತನ್ನ ಭಂಗಿಯಲ್ಲಿ ನಿಲ್ಲುತ್ತಾನೆ; ಚೆಂಡು ಕೈಬಿಟ್ಟು ಅರ್ಧ ದಾರಿ ಬರುವಷ್ಟರಲ್ಲಿ ಎಸೆತದ ಹೆಸರನ್ನು ಕೂಗಿ ಹೇಳಬೇಕು. ಸರಿಯೋ ತಪ್ಪೋ ಎಂಬುದನ್ನು ಚೆಂಡು ಹಿಡಿಯುವ ಕ್ಯಾಚರ್ ಒಡನೆಯೇ ತಿಳಿಸುತ್ತಾನೆ.