ಮಿದುಳಿನ ಗಡ್ಡೆ: ವೈದ್ಯರು ಪತ್ತೆ ಹಚ್ಚುವುದು ಹೇಗೆ?

ತಲೆನೋವು ಬಂದಾಕ್ಷಣ ಮಿದುಳಿನಲ್ಲಿ ಗಡ್ಡೆ ಇರಬಹುದೆಂದು ಹೆದರುವವರಿದ್ದಾರೆ. ಬಹುಪಾಲು ತಲೆನೋವಿಗೆ ಕಾರಣ ಗಡ್ಡೆಯಲ್ಲ. ಆದರೆ ಬೆಳಿಗ್ಗೆ ಏಳುವಾಗಲೇ ಹೆಚ್ಚಿದ್ದು ವಾಂತಿಯೊಡನೆ ದಿನೇ ದಿನೇ ಬಲಿಯುವ ನೋವು, ದೊಡ್ಡವರಲ್ಲಿ ಮೊದಲ ಬಾರಿಗೆ ಬಂದ ಫಿಟ್ಸ್, ಒಂದೇ ಬದಿಯ ಕೈಕಾಲು ಬಲಗುಂದುವುದು, ಮಾತು ತೊದಲುವುದು, ದೃಷ್ಟಿ ಮಸುಕಾಗುವುದು ಕಂಡರೆ ತಡಮಾಡಬಾರದು. ಸ್ವಭಾವದಲ್ಲಾದ ಬದಲಾವಣೆ ರೋಗಿಗಿಂತ ಮನೆಯವರಿಗೇ ಮೊದಲು ತಿಳಿಯುತ್ತದೆ. ಆದುದರಿಂದ ವೈದ್ಯರಲ್ಲಿಗೆ ಒಬ್ಬರು ಜೊತೆಗೆ ಹೋಗಿರಿ. ಫಿಟ್ಸ್ ಬಂದವರ ಕೈಗೆ ಕಬ್ಬಿಣದ ಬೀಗದ ಕೈ ಕೊಟ್ಟು ಸುಮ್ಮನಾಗುವ ರೂಢಿ ಇನ್ನೂ ಇದೆ. ಅದರಿಂದ ಆಗುವುದು ಕಾಲಹರಣ ಮಾತ್ರ.

ನರರೋಗ ತಜ್ಞರು ಮೊದಲು ನಡಿಗೆ, ಸ್ನಾಯುಬಲ, ನೆನಪು ಪರೀಕ್ಷಿಸುತ್ತಾರೆ. ಕಣ್ಣಿನೊಳಗೆ ಬೆಳಕು ಹಾಯಿಸಿ ನೋಡುವುದೂ ಇದೆ. ತಲೆಬುರುಡೆಯೊಳಗೆ ಒತ್ತಡ ಹೆಚ್ಚಿದ್ದರೆ ದೃಷ್ಟಿನರದ ತುದಿ ಊದಿರಬಹುದು.

ಹಿಂದೆ ಬೆನ್ನುಹುರಿಯ ದ್ರವ ತೆಗೆದು ಗಾಳಿ ತುಂಬಿ ಎಕ್ಸ್‌ರೇ ತೆಗೆಯುತ್ತಿದ್ದರು. ರೋಗಿಗೆ ಅದು ಬಹಳ ಯಾತನೆಯ ಪರೀಕ್ಷೆ. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ರೂಪಿಸಿದ ಯಂತ್ರದಿಂದ ಮೊದಲ ರೋಗಿಯ ಸಿಟಿ ಸ್ಕ್ಯಾನ್ ನಡೆಯಿತು. ಮಿದುಳಿನ ಗಡ್ಡೆಯ ಶಂಕೆಯಿದ್ದ ಮಹಿಳೆ ಆಕೆ. 1979ರಲ್ಲಿ ಅವರಿಗೆ ನೊಬೆಲ್ ಬಂತು. ತುರ್ತಿನಲ್ಲಿ ಇಂದಿಗೂ ಸಿಟಿಯೇ ಮೊದಲು. ಗಡ್ಡೆಯ ಅಂಚು, ಸುತ್ತಲಿನ ಊತ ಸ್ಪಷ್ಟವಾಗಲು ಗ್ಯಾಡೋಲಿನಿಯಂ ಚುಚ್ಚುಮದ್ದು ಕೊಟ್ಟು ಎಂ.ಆರ್.ಐ. ಮಾಡುತ್ತಾರೆ. ಪೇಸ್‌ಮೇಕರ್ ಇದ್ದವರು, ಮೂತ್ರಪಿಂಡದ ತೊಂದರೆಯುಳ್ಳವರು ಮೊದಲೇ ತಿಳಿಸಬೇಕು.

ಸ್ಕ್ಯಾನಿನಲ್ಲಿ ಕಂಡದ್ದೆಲ್ಲ ಕ್ಯಾನ್ಸರ್ ಅಲ್ಲ. ನಮ್ಮ ದೇಶದಲ್ಲಿ ಇದು ಮುಖ್ಯ ಮಾತು. ಮಿದುಳಿನ ಕ್ಷಯದ ಗಂಟು, ಲಾಡಿಹುಳುವಿನ ಮರಿಗಳಿಂದಾದ ಗುಳ್ಳೆ ಎರಡೂ ಗಡ್ಡೆಯಂತೆಯೇ ಕಾಣಬಹುದು, ಎರಡಕ್ಕೂ ಔಷಧಿಯಿದೆ. ಶ್ವಾಸಕೋಶ ಅಥವಾ ಸ್ತನದ ಕ್ಯಾನ್ಸರ್ ಮಿದುಳಿಗೆ ಹರಡಿರುವುದೂ ಉಂಟು. ಎದೆಯ ಸ್ಕ್ಯಾನ್ ಬರೆದುಕೊಟ್ಟರೆ "ತಲೆಗೆ ಬಂದದ್ದಕ್ಕೆ ಎದೆ ಏಕೆ?" ಎಂದು ಬೇಸರಪಡಬೇಡಿ.

ಖಚಿತ ಉತ್ತರ ಸಾಮಾನ್ಯವಾಗಿ ಬಯಾಪ್ಸಿಯಿಂದಲೇ. ಬುರುಡೆಯಲ್ಲಿ ಸಣ್ಣ ರಂಧ್ರ ಕೊರೆದು, ಸ್ಕ್ಯಾನಿನ ಮಾರ್ಗದರ್ಶನದಲ್ಲಿ ಸೂಜಿ ಇಳಿಸಿ ಚೂರು ತೆಗೆಯುತ್ತಾರೆ; ಇಲ್ಲವೇ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಯನ್ನೇ ಪರೀಕ್ಷಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರ್ಗೀಕರಣದಂತೆ ಸೂಕ್ಷ್ಮದರ್ಶಕವೊಂದೇ ಸಾಲದು. ಐಡಿಎಚ್‌ನಂಥ ಜೀನ್ ಬದಲಾವಣೆಗಳನ್ನೂ ನೋಡಬೇಕು. ವರದಿ ತಡವಾಗುವುದು ಇದರಿಂದಲೇ.

ಬೇರೆ ಆಸ್ಪತ್ರೆಯ ಅಭಿಪ್ರಾಯ ಕೇಳುವುದಿದ್ದರೆ ವರದಿಯ ಜೊತೆ ಸ್ಕ್ಯಾನಿನ ಸಿ.ಡಿ., ಸ್ಲೈಡು ಮತ್ತು ಮೇಣದ ಬ್ಲಾಕ್‌ಗಳನ್ನೂ ಕೇಳಿ ಪಡೆಯಿರಿ. ಅವಿದ್ದರೆ ಅನೇಕ ವೇಳೆ ಬಯಾಪ್ಸಿಯನ್ನು ಮತ್ತೆ ಮಾಡಬೇಕಾಗುವುದಿಲ್ಲ.