ಮದರ್‌ಬೋರ್ಡ್ ದುರಸ್ತಿ: ಬದಲಿ ಕೆಪಾಸಿಟರ್‌ಗಳ ಆಯ್ಕೆ

ಕಂಪ್ಯೂಟರಿನ ಮದರ್‌ಬೋರ್ಡಿನಲ್ಲಿ ಕೆಟ್ಟುಹೋದ ಅಲ್ಯೂಮಿನಿಯಂ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳ (ಧಾರಕ) ಬದಲು ತಕ್ಕ ಹೊಸವನ್ನು ಆರಿಸುವ ಕ್ರಮ. ಧಾರಕತೆ, ವೋಲ್ಟೇಜು, ತಾಪಮಾನದ ಮಿತಿ ಕೆಪಾಸಿಟರಿನ ಮೈಮೇಲೆಯೇ ಅಚ್ಚಾಗಿರುತ್ತವೆ. ಬೋರ್ಡಿನ ಬಾಳಿಕೆಯನ್ನು ನಿರ್ಧರಿಸುವ ಒಳರೋಧ (ಇಎಸ್ಆರ್) ಮತ್ತು ರಿಪಲ್ (ಏರಿಳಿತದ) ಕರೆಂಟಿನ ಅಂಕಿಗಳು ಸಾಮಾನ್ಯವಾಗಿ ತಯಾರಕರ ಮಾಹಿತಿಪತ್ರದಲ್ಲೇ ಸಿಗುತ್ತವೆ. ಆದ್ದರಿಂದ ಹಳೆಯದರ ಮೇಲಿನ ಬ್ರ್ಯಾಂಡ್ ಮತ್ತು ಸರಣಿಯ ಅಕ್ಷರಗಳನ್ನು ಮೊದಲು ಬರೆದಿಟ್ಟುಕೊಳ್ಳಬೇಕು.

ಹಿನ್ನೆಲೆ
ಪ್ರೊಸೆಸರಿಗೆ ಬೇಕಾದ ವೋಲ್ಟೇಜು ಒಂದೆರಡು ವೋಲ್ಟಿನಷ್ಟೇ. ಕರೆಂಟು ಮಾತ್ರ ಹತ್ತಾರು ಆಂಪಿಯರ್. ಅದರ ಪಕ್ಕದ ರೆಗ್ಯುಲೇಟರ್ 12 ಅಥವಾ 5 ವೋಲ್ಟನ್ನು ಸೆಕೆಂಡಿಗೆ ಲಕ್ಷಾಂತರ ಬಾರಿ ಆನ್-ಆಫ್ ಮಾಡಿ ಇಳಿಸುತ್ತದೆ. ಈ ಏರಿಳಿತವನ್ನು ನುಂಗುವ ಕೆಲಸ ಕೆಪಾಸಿಟರ್‌ಗಳದ್ದು. 2000ದ ದಶಕದ ಮೊದಲ ವರ್ಷಗಳಲ್ಲಿ, ಮುಖ್ಯವಾಗಿ ತೈವಾನಿನ ಕೆಲವು ತಯಾರಕರ ಕೆಪಾಸಿಟರ್‌ಗಳು ಗುಂಪುಗುಂಪಾಗಿ ಕೆಟ್ಟವು. ಎಲೆಕ್ಟ್ರೊಲೈಟಿನಲ್ಲಿ ನೀರಿನ ಅಂಶ ಹೆಚ್ಚಿದ್ದು ಅದನ್ನು ಹದದಲ್ಲಿಡುವ ರಾಸಾಯನಿಕ ಸಾಲದಿದ್ದುದರಿಂದ, ನೀರು ಅಲ್ಯೂಮಿನಿಯಮ್ಮಿನೊಡನೆ ವರ್ತಿಸಿ ಹೈಡ್ರೋಜನ್ ಹುಟ್ಟಿಸಿತು. ಇದಕ್ಕೆ 'ಕೆಪಾಸಿಟರ್ ಪ್ಲೇಗ್' ಎಂಬ ಹೆಸರು ಬಂತು. ಆದರೆ ಡೆಲ್ ಆಪ್ಟಿಪ್ಲೆಕ್ಸ್ ಜಿಎಕ್ಸ್270 ಕಂಪ್ಯೂಟರಿನಲ್ಲಿ ಕೆಟ್ಟದ್ದು ಜಪಾನಿನ ನಿಚಿಕಾನ್ ಕೆಪಾಸಿಟರ್. ಹೀಗಾಗಿ ಬ್ರ್ಯಾಂಡಿನ ಹೆಸರೊಂದೇ ಭರವಸೆಯಲ್ಲ.

ಕೆಟ್ಟದ್ದರ ಕುರುಹು
ತಲೆಯ ಮೇಲೆ ಕೊರೆದ ಗೀರುಗಳ ಬಳಿ ಉಬ್ಬು, ಕಂದು ಹಕ್ಕಳೆ, ಕೆಳಗಿನ ರಬ್ಬರ್ ಹೊರಬಂದು ವಾಲಿ ನಿಂತ ಡಬ್ಬಿ ಸಾಮಾನ್ಯ ಲಕ್ಷಣಗಳು. ಬುಡಕ್ಕೆ ಹಚ್ಚಿದ ಅಂಟು ಹಳತಾಗಿ ಕಂದಾದರೆ ಅದನ್ನು ಸೋರಿಕೆಯೆಂದು ತಪ್ಪು ತಿಳಿಯಬಾರದು. ತಲೆ ಚಪ್ಪಟೆಯಾಗಿದ್ದೂ ಒಳಗೆ ಕೆಟ್ಟಿರಬಹುದು. ಆಗ ಬೋರ್ಡಿನಿಂದ ಕಳಚಿ ಇಎಸ್ಆರ್ ಮೀಟರಿನಲ್ಲಿ ಅಳೆಯಬೇಕು. ಬೋರ್ಡಿನಲ್ಲೇ ಅಳೆದರೆ ಸಮಾಂತರವಾಗಿರುವ ಒಳ್ಳೆಯ ಕೆಪಾಸಿಟರ್‌ಗಳು ದೋಷವನ್ನು ಮರೆಮಾಡುತ್ತವೆ.

ಆಯ್ಕೆಯ ಅಂಶಗಳು
ಧಾರಕತೆ: ಮೊದಲಿನಷ್ಟೇ, ಅಥವಾ ತುಸು ಹೆಚ್ಚು.
ವೋಲ್ಟೇಜು: ಮೊದಲಿನಷ್ಟು ಅಥವಾ ಹೆಚ್ಚು. 6.3 ವೋಲ್ಟಿನ ಜಾಗಕ್ಕೆ 10 ವೋಲ್ಟಿನದು ಸಲ್ಲುತ್ತದೆ, 4 ವೋಲ್ಟಿನದು ಸಲ್ಲದು.
ಒಳರೋಧ ಮತ್ತು ರಿಪಲ್: ಮೊದಲನೆಯದು ಹಳೆಯದಕ್ಕೆ ಸಮ ಅಥವಾ ತುಸು ಕಡಿಮೆ ಇರಬೇಕು, ಎರಡನೆಯದು ಕಡಿಮೆಯಾಗಬಾರದು. ರೇಡಿಯೊ ದುರಸ್ತಿಗೆ ಬಳಸುವ ಸಾಧಾರಣ 1500 ಮೈಕ್ರೊಫ್ಯಾರಡ್ ಕೆಪಾಸಿಟರನ್ನು ಪ್ರೊಸೆಸರಿನ ಬಳಿ ಕೂರಿಸಿದರೆ ಅಂಕಿ ಹೊಂದುತ್ತದೆ, ಕೆಲಸ ಹೊಂದುವುದಿಲ್ಲ. ಅದು ಬಿಸಿಯೇರಿ ಬೇಗ ಉಬ್ಬುತ್ತದೆ. ಇಲ್ಲಿಗೆ ರೂಬಿಕಾನ್ ಎಂಸಿಝಡ್‌ನಂಥ ಅತಿ ಕಡಿಮೆ ರೋಧದ ಸರಣಿ ಬೇಕು. ಪಿಸಿಐ ಸ್ಲಾಟಿನಂಥ ಹಗುರ ಜಾಗಗಳಿಗೆ ಹೆಚ್ಚಾಗಿ ಪ್ಯಾನಾಸೋನಿಕ್ ಎಫ್ಆರ್ ದರ್ಜೆಯದೇ ಸಾಕು.
ತಾಪಮಾನ: 105 ಡಿಗ್ರಿ ಸೆಲ್ಸಿಯಸ್. ಶಾಖ 10 ಡಿಗ್ರಿ ಇಳಿದಂತೆ ಆಯುಸ್ಸು ಇಮ್ಮಡಿಯಾಗುತ್ತದೆಂಬುದು ರೂಢಿಯ ಲೆಕ್ಕ. 105 ಡಿಗ್ರಿಯಲ್ಲಿ 2000 ಗಂಟೆ ಬಾಳುವಂಥದು 65 ಡಿಗ್ರಿಯಲ್ಲಿ ಸುಮಾರು 32,000 ಗಂಟೆ ಬಾಳಬೇಕು.
ಅಳತೆ: 8 ಮಿ.ಮೀ. ವ್ಯಾಸದ್ದಕ್ಕೆ ಸಾಮಾನ್ಯವಾಗಿ ಕಾಲುಗಳ ಅಂತರ 3.5 ಮಿ.ಮೀ., 10 ಮಿ.ಮೀ. ವ್ಯಾಸದ್ದಕ್ಕೆ 5 ಮಿ.ಮೀ. ಕೂಲರಿಗೆ ತಗುಲದಂತೆ ಎತ್ತರವನ್ನೂ ನೋಡಬೇಕು.

ಪಾಲಿಮರ್ ಬದಲಿ
ದ್ರವವಿಲ್ಲದ ಪಾಲಿಮರ್ ಕೆಪಾಸಿಟರ್ ಸೋರುವುದಿಲ್ಲ, ಅದರ ಒಳರೋಧವೂ ಬಹಳ ಕಡಿಮೆ. ಹೀಗಾಗಿ ಧಾರಕತೆ ಕಡಿಮೆಯಿದ್ದರೂ ಅನೇಕ ಕಡೆ ನಡೆಯುತ್ತದೆ. ಆದರೆ ಒಳರೋಧ ತೀರಾ ಇಳಿದರೆ ಕೆಲವು ಹಳೆಯ ರೆಗ್ಯುಲೇಟರ್‌ಗಳ ಸ್ಥಿರತೆ ಕೆಡಬಹುದು.

ಜೋಡಣೆ
ಋಣ ಕಾಲು ಬೋರ್ಡಿನೊಳಗಿನ ಅಗಲವಾದ ತಾಮ್ರದ ಪದರಕ್ಕೆ ಅಂಟಿರುವುದರಿಂದ ಶಾಖ ಅಲ್ಲೇ ಹರಿದುಹೋಗುತ್ತದೆ, ಬೆಸುಗೆ ಬೇಗ ಕರಗದು. ದಪ್ಪ ಮೊನೆಯ ಸೋಲ್ಡರಿಂಗ್ ಐರನ್, ಫ್ಲಕ್ಸ್ ಮತ್ತು ತುಸು ಹೊಸ ಸೀಸದ ಬೆಸುಗೆ ಇಲ್ಲಿ ನೆರವಾಗುತ್ತವೆ. ಬಲವಂತವಾಗಿ ಎಳೆದರೆ ರಂಧ್ರದೊಳಗಿನ ತಾಮ್ರದ ಲೇಪವೇ ಕಿತ್ತುಬರುತ್ತದೆ. ಬೋರ್ಡಿನ ಮೇಲಿನ ಬಿಳಿ ಅರ್ಧವೃತ್ತ ಸಾಮಾನ್ಯವಾಗಿ ಋಣ ಬದಿಯನ್ನು ತೋರುತ್ತದೆ, ಕೆಲವು ಬೋರ್ಡುಗಳಲ್ಲಿ ಧನವನ್ನು. ಹಳೆಯದನ್ನು ತೆಗೆಯುವ ಮೊದಲೇ ಚಿತ್ರ ತೆಗೆದಿಡುವುದು ಕ್ಷೇಮ. ತಿರುವುಮುರುವಾಗಿ ಕೂತ ಕೆಪಾಸಿಟರ್ ಸಿಡಿಯಬಹುದು. ಒಂದೇ ಗುಂಪಿನಲ್ಲಿ ಒಂದು ಉಬ್ಬಿದ್ದರೆ, ಅದೇ ಸರಣಿಯ ಉಳಿದವನ್ನೂ ಒಟ್ಟಿಗೆ ಬದಲಿಸುವುದು ವಾಡಿಕೆ.